ಕೇಳಿದವರ ಮಾನಿಟರ್

ಪೀಣ್ಯದ ಚರಿತ್ರೆ ಬರೆಯಲು ಮುಂದೆ ಯಾರಾದರೂ ಪುಣ್ಯಾತ್ಮರು ಕೂತರೆ, ಎರಡನೇ ಹಂತದ ಒಂದು ಅಚ್ಚಿನ ಕಾರ್ಖಾನೆಯ ಮಹಡಿಯಲ್ಲಿ, ಅಂಚು ಕಿತ್ತುಹೋದ ಸನ್ಮೈಕಾ ಮೇಜಿನ ಮೇಲೆ, ಎರಡು ಮಾನಿಟರ್ ಇರತಕ್ಕದ್ದೋ ಅಥವಾ ಅಗಲದ ಒಂದೇ ಮಾನಿಟರ್ ಇರತಕ್ಕದ್ದೋ ಎಂಬ ಪ್ರಶ್ನೆಗೆ ಒಂದು ಅಧ್ಯಾಯವನ್ನಾದರೂ ಮೀಸಲಿಡಬೇಕು. ಇದಕ್ಕಿಂತ ಕಡಿಮೆ ಚರ್ಚೆಯಲ್ಲಿ ರಾಜ್ಯಗಳು ಕೈಬದಲಾಗಿವೆ. ಶ್ರಾವಣದಲ್ಲಿ ಎದ್ದ ಪ್ರಶ್ನೆ ಆಯುಧಪೂಜೆಯ ಹೊತ್ತಿಗೆ ಇತ್ಯರ್ಥವಾಯಿತು. ಅಷ್ಟರಲ್ಲಿ ಒಬ್ಬರ ಕುತ್ತಿಗೆ, ಇನ್ನೊಬ್ಬರ ಕೆಲಸ, ಇಬ್ಬರ ಸ್ನೇಹ ಅದರಲ್ಲಿ ಸಿಕ್ಕಿಕೊಂಡಿದ್ದವು. ಮಾನಿಟರ್ ಮಾತ್ರ ಎಸ್.ಪಿ. ರೋಡಿನ ಅಂಗಡಿಯಲ್ಲಿ ಥರ್ಮೋಕೋಲಿನೊಳಗೆ ನೆಮ್ಮದಿಯಾಗಿತ್ತು.

ಕಾರ್ಖಾನೆ ಶಿವರಾಜ್ ಅವರದು. ಬಕೆಟ್ಟಿನ ಹಿಡಿ, ಸ್ವಿಚ್ಚಿನ ಡಬ್ಬಿ, ಶಾಂಪೂ ಬಾಟಲಿಯ ಮುಚ್ಚಳ, ಇಂಥವನ್ನು ಪ್ಲಾಸ್ಟಿಕ್ಕಿನಲ್ಲಿ ಒತ್ತಲು ಬೇಕಾದ ಉಕ್ಕಿನ ಅಚ್ಚುಗಳನ್ನು ಅಲ್ಲಿ ಕೊರೆಯುತ್ತಾರೆ. ಕೆಳಗೆ ಮೆಷೀನುಗಳು, ಕೂಲೆಂಟ್ ಎಣ್ಣೆಯ ವಾಸನೆ. ಕಬ್ಬಿಣದ ಮೆಟ್ಟಿಲು ಹತ್ತಿದರೆ ಗಾಜಿನ ಕೋಣೆ. ಆ ಕೋಣೆಯಲ್ಲಿ ಇಬ್ಬರು ಹೆಂಗಸರು ಒಂದೇ ಮೇಜಿಗೆ ಕೂತು ದಿನವಿಡೀ ಕೂಗಾಡುತ್ತಿದ್ದರು. ಹೊಸಬರು ಜಗಳವೆಂದು ತಿಳಿಯುತ್ತಿದ್ದರು. ಅದು ಕೆಲಸ.

ಗಿರಾಕಿ ಕಳಿಸಿದ ಡ್ರಾಯಿಂಗನ್ನು ಒಬ್ಬರು ಓದಿ ಹೇಳಬೇಕು, ಇನ್ನೊಬ್ಬರು ಕಂಪ್ಯೂಟರಿನಲ್ಲಿ ಮಾಡೆಲ್ ಕಟ್ಟಬೇಕು. "ಅಗಲ ನಲವತ್ತೆರಡೂವರಿ" ಎಂದು ಒಬ್ಬಳು ಕೂಗಿದರೆ, "ನಲವತ್ತೆರಡೂವರೆ, ಬಂತು" ಎಂದು ಇನ್ನೊಬ್ಬಳು ತಿರುಗಿ ಕೂಗಬೇಕು. "ಬಂತು" ಅನ್ನದೆ ಮುಂದಿನ ಅಳತೆಗೆ ಹೋಗುವಂತಿಲ್ಲ. ಈ ಪದ್ಧತಿ ಹಾಕಿದವನು ಹಳೆಯ ಫೋರ್‌ಮನ್ ನಂಜಪ್ಪ. ಡ್ರಾಯಿಂಗುಗಳು ನೀಲಿ ಕಾಗದದಲ್ಲಿ, ಚಹಾದ ಕಲೆಯೊಂದಿಗೆ ಬರುತ್ತಿದ್ದ ಕಾಲದಲ್ಲಿ ಒಬ್ಬ ಹುಡುಗ ಮೂರನ್ನು ಎಂಟೆಂದು ಓದಿ, ಆನೆಗೆ ಮಾತ್ರ ಎತ್ತಲಾಗುವಂಥ ಬಕೆಟ್ ಹಿಡಿಯ ಅಚ್ಚು ತಯಾರಾಗಿತ್ತು. ಅಂದಿನಿಂದ ಕೂಗು. ಈಗ ಡ್ರಾಯಿಂಗು ಕಂಪ್ಯೂಟರಿನಲ್ಲೇ ಬರುತ್ತದೆ, ಮೂರು ಮೂರಾಗಿಯೇ ಕಾಣುತ್ತದೆ. ಕೂಗು ನಿಂತಿರಲಿಲ್ಲ. ನಮ್ಮಲ್ಲಿ ಕಾರಣ ಸತ್ತ ಮೇಲೂ ಪದ್ಧತಿ ಪಿಂಚಣಿ ತೆಗೆದುಕೊಳ್ಳುತ್ತಿರುತ್ತದೆ.

ಮಾಡೆಲ್ ಕಟ್ಟುವವಳು ಆಶಾರಾಣಿ. ಟಿ. ದಾಸರಹಳ್ಳಿಯವಳು, ಡಿಪ್ಲೊಮಾ ಮುಗಿಸಿದ ವರ್ಷವೇ ಆ ಮೆಟ್ಟಿಲು ಹತ್ತಿದವಳು, ಅಂದಿನವರೆಗೂ ಇಳಿಯದವಳು. ಕೂಗುವವಳು ಮಹಾನಂದಾ. ಗದಗಿನ ಕಡೆಯವಳು, ಗಂಡ ಭೀಮಪ್ಪ ಸೆಂಟ್ರಿಂಗ್ ಕೆಲಸಕ್ಕೆಂದು ಬಂದಾಗ ಐಟಿಐ ಸರ್ಟಿಫಿಕೇಟನ್ನು ಸೀರೆಗಳ ನಡುವೆ ಮಡಚಿಟ್ಟುಕೊಂಡು ಜೊತೆಗೆ ಬಂದಳು. ಮಾದನಾಯಕನಹಳ್ಳಿಯಲ್ಲಿ ಬಾಡಿಗೆ ಕೋಣೆ. ಇಬ್ಬರ ಮುಂದೆಯೂ ಒಂದೊಂದು ಮಾನಿಟರ್: ಎಡಗಡೆಯದು ಆಶಾರಾಣಿಯದು, ಬಲಗಡೆಯದು ಮಹಾನಂದಾಳ ಕಡೆಗೆ ತಿರುಗಿದ್ದು. ಅನುಮಾನ ಬಂದಾಗಲೆಲ್ಲ ಆಶಾರಾಣಿ ಬಲಕ್ಕೆ ಕತ್ತು ಹೊರಳಿಸಿ ಡ್ರಾಯಿಂಗನ್ನು ತಾನೇ ನೋಡುತ್ತಿದ್ದಳು. ಅವಳಿಗೆ ಅನುಮಾನ ಜಾಸ್ತಿ. ಹಾಗೆ ಹೊರಳಿ ಹೊರಳಿ ಕುತ್ತಿಗೆ ಹಿಡಿಯಿತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಏನು ಕೆಲಸ ಮಾಡುತ್ತೀರಿ ಎಂದು ಕೇಳಿ, ಅದನ್ನು ಬಿಡಿ ಎಂದರು. ಡಾಕ್ಟರುಗಳಿಗೆ ಈ ಮಾತು ಬಹಳ ಸಲೀಸು.

ಇಲ್ಲಿ ಶಿವರಾಜ್ ಅವರ ಕಟ್ಟಳೆಯೊಂದನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬಹಳ ಹಿಂದೆ ಅವರು ಯಾವುದೋ ಮೇಳದಲ್ಲಿ ಮನಸೋತು ಒಂದು ಜರ್ಮನ್ ಮೆಷೀನು ತಂದರು. ಬೇಕೆಂದು ಯಾರೂ ಕೇಳಿರಲಿಲ್ಲ. ಹಾಗಾಗಿ ಯಾರೂ ಅದನ್ನು ಮುಟ್ಟಲಿಲ್ಲ. ಅದು ಇನ್ನೂ ಟಾರ್ಪಾಲು ಹೊದ್ದು ಮೂಲೆಯಲ್ಲಿದೆ, ಅದರ ಮೇಲೆ ಚಹಾದ ಫ್ಲಾಸ್ಕ್ ಇಡುತ್ತಾರೆ. ಅಂದಿನಿಂದ ಅವರ ಕಾರ್ಖಾನೆಗೆ ಕೇಳದ ಸಾಮಾನು ಬರುವುದಿಲ್ಲ. ಬೇಕಾದವರು ತಾವೇ ಬಂದು, ಅವರ ಮೇಜಿನ ಮುಂದೆ ನಿಂತು, ತಮ್ಮ ಬಾಯಿಂದ ಕೇಳಬೇಕು. ಕೇಳಿದವರ ಹೆಸರು ಆ ಸಾಮಾನಿಗೆ ಅಂಟಿಕೊಳ್ಳುತ್ತದೆ. ಕೆಳಗಿನ ಗ್ರೈಂಡರು ನಂಜಪ್ಪನ ಗ್ರೈಂಡರು, ಹಿಂದುಗಡೆಯ ಎಕ್ಸಾಸ್ಟ್ ಫ್ಯಾನು ಎಂದೋ ಕೆಲಸ ಬಿಟ್ಟುಹೋದ ಚಿಕ್ಕಮುನಿಯಪ್ಪನ ಫ್ಯಾನು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಇಟ್ಟು ನಿಂಬೆಹಣ್ಣು ಕೊಯ್ಯುವ ಮಾನವೂ ಕೇಳಿದವರದೇ, ವರ್ಷವಿಡೀ ಅದು ಕೆಟ್ಟಾಗ ಬೈಸಿಕೊಳ್ಳುವ ಹಕ್ಕೂ ಅವರದೇ. ಕೇಳದವರಿಗೆ ಎರಡೂ ಇಲ್ಲ.

ಅಗಲದ ಮಾನಿಟರಿನ ಯೋಚನೆ ಶಿವರಾಜ್ ಅವರ ಮಗ ಲಿಖಿತನದು. ಎಂಬಿಎ ಮುಗಿಸಿ ಬಂದು, ಅಪ್ಪನ ಕಾರ್ಖಾನೆಯಲ್ಲಿ ಏನೇನು ಸರಿಯಿಲ್ಲ ಎಂದು ಸಜ್ಜನಿಕೆಯಿಂದ ನೋಡುತ್ತ ಓಡಾಡುತ್ತಿದ್ದ. ಮಹಡಿಯ ಕೂಗು ಅವನ ಕಿವಿಗೆ ಬಿತ್ತು. ಒಂದು ಮಧ್ಯಾಹ್ನ, ಮಹಾನಂದಾ ಪ್ರಿಂಟ್ ತರಲು ಕೆಳಗೆ ಹೋಗಿದ್ದಾಗ, ಅವನು ಅವಳ ಕುರ್ಚಿಯಲ್ಲೇ ಕೂತು ಆಶಾರಾಣಿಗೆ ತನ್ನ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಬಸ್ಸಿನ ಮುಂಗಾಜಿನಷ್ಟು ಅಗಲ, ಒಳಕ್ಕೆ ಬಾಗಿದ ಪರದೆ, ನಡುವೆ ಚೌಕಟ್ಟಿಲ್ಲ.

"ಮೇಡಂ, ಒಂದೇ ಸ್ಕ್ರೀನ್. ಈ ಕಡೆ ಡ್ರಾಯಿಂಗ್, ಆ ಕಡೆ ಮಾಡೆಲ್. ನೀವೇ ನೋಡ್ತೀರ, ನೀವೇ ಮಾಡ್ತೀರ. ಕತ್ತು ತಿರುಗಿಸೋ ಹಾಗೇ ಇಲ್ಲ, ಕಣ್ಣಲ್ಲೇ ಆಗೋಗತ್ತೆ. ಈ ಸಂತೆ ಕೂಗಾಟನೂ ಇರಲ್ಲ."

ಆಶಾರಾಣಿ ಪರದೆಯನ್ನು ನೋಡಲಿಲ್ಲ, ಅವನು ಕೂತಿದ್ದ ಕುರ್ಚಿಯನ್ನು ನೋಡಿದಳು.

"ಮಹಾನಂದಾ?"

"ಅವ್ರನ್ನ ಕೆಳಗೆ ಎಲ್ಲಾದ್ರೂ ಅಡ್ಜಸ್ಟ್ ಮಾಡೋಣ ಬಿಡಿ."

ಆ ಕಾರ್ಖಾನೆಯಲ್ಲಿ "ಎಲ್ಲಾದ್ರೂ" ಎಂಬ ಜಾಗಕ್ಕೆ ನಿಶ್ಚಿತ ವಿಳಾಸವಿತ್ತು. ಹಿಂಬಾಗಿಲ ಬಳಿಯ ಡಿಸ್ಪ್ಯಾಚ್ ವಿಭಾಗ. ಅಚ್ಚಿಗೆ ಎಣ್ಣೆ ಬಳಿದು, ಪ್ಲಾಸ್ಟಿಕ್ ಸುತ್ತಿ, ಮರದ ಪೆಟ್ಟಿಗೆಗೆ ಇಳಿಸಿ ಮೊಳೆ ಹೊಡೆಸುವುದು. ನಿಂತೇ ಮಾಡುವ ಕೆಲಸ. ಹಿಂದೆ ಲೆಕ್ಕದ ಕೃಷ್ಣಮ್ಮನನ್ನು ಅಲ್ಲಿಗೇ ಅಡ್ಜಸ್ಟ್ ಮಾಡಿದ್ದರು. ಎರಡು ಹಬ್ಬ ಕಳೆಯುವುದರೊಳಗೆ ಕೃಷ್ಣಮ್ಮ ಅಲ್ಲೂ ಇರಲಿಲ್ಲ.

ಲಿಖಿತ್ ಎದ್ದು ಹೋಗುವಾಗ, ಅಪ್ಪನ ವಿಷಯ ನಿಮಗೆ ಗೊತ್ತಲ್ಲ, ನೀವು ಒಂದು ಮಾತು ಕೇಳಿಬಿಟ್ಟರೆ ಮುಗಿಯಿತು ಎಂದ. ಹೀಗೆ ತೀರ್ಮಾನ ಆಶಾರಾಣಿಯ ನಾಲಿಗೆಯ ಮೇಲೆ ಬಂದು ಕೂತಿತು. ಕೇಳಿದರೆ ಕುತ್ತಿಗೆ ಉಳಿಯುತ್ತದೆ, ಮಹಾನಂದಾ ಹೋಗುತ್ತಾಳೆ. ಕೇಳದಿದ್ದರೆ ಮಹಾನಂದಾ ಉಳಿಯುತ್ತಾಳೆ, ಕುತ್ತಿಗೆ ಹೋಗುತ್ತದೆ. ಇದಕ್ಕಿಂತ ಸರಳವಾದ ಲೆಕ್ಕ ಅವಳಿಗೆ ಡಿಪ್ಲೊಮಾದಲ್ಲೂ ಬಂದಿರಲಿಲ್ಲ.

ಇರುವ ಎರಡು ಮಾನಿಟರನ್ನೇ ಒಬ್ಬಳು ನೋಡಬಾರದೇ ಎಂದು ಯಾರಿಗಾದರೂ ಅನಿಸೀತು. ಮಹಾನಂದಾ ರಜೆಯಲ್ಲಿದ್ದಾಗ ಆಶಾರಾಣಿ ಅದನ್ನು ಮಾಡಿಯೂ ನೋಡಿದಳು. ಎರಡರ ನಡುವಿನ ಕಪ್ಪು ಚೌಕಟ್ಟು ಸರಿಯಾಗಿ ಮೂಗಿನ ಎದುರಿಗೆ ಬಂದು, ಕತ್ತು ಎಡಕ್ಕೂ ಬಲಕ್ಕೂ ಗಡಿಯಾರದ ಲೋಲಕದಂತೆ ಆಡಿ, ಸಂಜೆಗೆ ತಲೆ ಎತ್ತಲಾಗದೆ ಬಸ್ಸಿನಲ್ಲಿ ಕಂಬಕ್ಕೆ ಹಣೆ ಆನಿಸಿಕೊಂಡು ಮನೆಗೆ ಹೋದಳು.

ಅವಳು ಸಲಹೆ ಕೇಳಿದ್ದು ನಂಜಪ್ಪನನ್ನು. ಈಗ ಕಾರ್ಖಾನೆ ಇರುವ ಜಾಗದಲ್ಲಿ ನಂಜಪ್ಪನ ತಾತ ರಾಗಿ ಬೆಳೆಯುತ್ತಿದ್ದನಂತೆ. ದಾಸರಹಳ್ಳಿಯಲ್ಲಿ ಅವನಿಗೆ ಬಾಡಿಗೆ ಮನೆಗಳ ಒಂದು ವಠಾರವೇ ಇದೆ. ಆದರೂ ಕೆಲಸಕ್ಕೆ ಬರುತ್ತಾನೆ. ಮನೆಯಲ್ಲಿ ಅವನ ಮಾತು ಕೇಳುವವರಿಲ್ಲ, ಇಲ್ಲಿ ಮೆಷೀನಿನ ಸದ್ದಿನಲ್ಲಿ ಕೇಳಿಸದಿದ್ದರೂ ಜನ ತಲೆಯಾಡಿಸುತ್ತಾರೆ. ಟಾರ್ಪಾಲಿನ ಮೇಲಿನ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತ ಅವನು ಪೂರ್ತಿ ಕೇಳಿಸಿಕೊಂಡ. ನಾನು ಕೇಳುವುದೇ ಇಲ್ಲ ಎಂದು ಇದ್ದುಬಿಡುತ್ತೇನೆ, ಆಗ ಅದು ಬರುವುದೇ ಇಲ್ಲ ಎಂದು ಆಶಾರಾಣಿ ಹೇಳಿದಾಗ ಮಾತ್ರ ಲೋಟ ಕೆಳಗಿಟ್ಟ.

"ನಮ್ಮಪ್ಪನೂ ಇಂಗೇ ಅಂದ ಕಣಮ್ಮ. ರೋಡ್ ಮೂಲೆ ಜಾಗ, ಅಣ್ತಮ್ಮಂದಿರ್ದು. ನಾನು ಮಾರಾಕಿಲ್ಲ, ಅಂಗಾಗಿ ಅದು ಓಗಾಕಿಲ್ಲ ಅಂತ ಸುಮ್ಕೆ ಕುಂತ. ಒಂದಿನ ನಮ್ ಚಿಕ್ಕಪ್ಪ ಒಬ್ನೇ ಓಗಿ ಸೈನ್ ಆಕ್ಬಿಟ್ಟ. ಸುಮ್ಕಿರೋದು ಬೀಗ ಅಂತ ತಿಳ್ಕೊಂಡಿದ್ದ ನಮ್ಮಪ್ಪ. ಅದು ತೆಗ್ದಿಟ್ಟ ಬಾಗ್ಲು."

ಇವನಿಗೆ ಎಲ್ಲದಕ್ಕೂ ಜಮೀನಿನದೇ ಕಥೆ ಎಂದುಕೊಂಡು ಆಶಾರಾಣಿ ಮೆಟ್ಟಿಲು ಹತ್ತಿದಳು.

ಅಷ್ಟರಲ್ಲಿ ಲಿಖಿತ್ ತನ್ನ ಉತ್ಸಾಹದಲ್ಲಿ ಎಸ್.ಪಿ. ರೋಡಿನ ಅಂಗಡಿಯವರಿಗೆ ಹೇಳಿ, ನೋಡುವುದಕ್ಕೆಂದು ಒಂದು ದಿನದ ಮಟ್ಟಿಗೆ ಆ ಮಾನಿಟರನ್ನು ತರಿಸಿದ. ಇಬ್ಬರು ಎತ್ತಿಕೊಂಡು ಬಂದರು, ಹಸೆಗೆ ಮದುಮಗಳನ್ನು ತರುವ ಹಾಗೆ. ಕೆಳಗಿನಿಂದ ಮೆಷೀನು ನಿಲ್ಲಿಸಿ ಜನ ನೋಡಲು ಬಂದರು. ಮಹಾನಂದಾಳ ಸಂಭ್ರಮ ಎಲ್ಲರಿಗಿಂತ ಹೆಚ್ಚು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಅವಳು ತಿಳಿದದ್ದು ಇಷ್ಟೇ: ಎರಡು ಸಣ್ಣವು ಹೋಗಿ ಒಂದು ದೊಡ್ಡದು ಬರುತ್ತದೆ, ಇಬ್ಬರೂ ಅದರ ಮುಂದೆ ಟಾಕೀಸಿನಲ್ಲಿ ಕೂತಂತೆ ಕೂರುತ್ತೇವೆ. ಉಕ್ಕಿನ ಟೇಪು ತಂದು ಮೇಜು ಅಳೆದಳು, ಕುರ್ಚಿ ಅಳೆದಳು.

"ಅಕ್ಕಾ, ಎರಡೂ ಕುರ್ಚಿ ಹಿಡೀತಾವ್ರಿ. ಒಂದೀಟು ಒತ್ತಿ ಕುಂತರ ಆತು."

ಲಿಖಿತ್ ನೆಲ ನೋಡಿದ. ಆಶಾರಾಣಿ ಕೂತಳು. ಪರದೆ ಎರಡು ಕಡೆಯಿಂದಲೂ ತೋಳು ಚಾಚಿ ಅವಳನ್ನು ಸುತ್ತುವರಿಯಿತು. ಡ್ರಾಯಿಂಗು, ಮಾಡೆಲು, ಎರಡೂ ಅಲ್ಲೇ ಇದ್ದವು. ಕತ್ತು ಅಲುಗಿಸದೆ ನೋಡಿದಳು. ಕುತ್ತಿಗೆಯೊಳಗೆ ಎಷ್ಟೋ ತಿಂಗಳಿಂದ ಮುಷ್ಟಿ ಕಟ್ಟಿದ್ದ ಏನೋ ಒಂದು ಬೆರಳು ಬೆರಳಾಗಿ ಬಿಚ್ಚಿತು. ಇದು ಸುಖ ಎಂದು ಅವಳಿಗೆ ಗೊತ್ತಾಗಿ ಭಯವಾಯಿತು. ಪಕ್ಕದಲ್ಲಿ ಒತ್ತಿಕೊಂಡು ಕೂತ ಮಹಾನಂದಾ, ಅಂಕಿಗಳು ಜಾರಿದಂತೆ ಕಾಣುತ್ತವೆ, ಬಣ್ಣ ಬೇರೆಯಾಗುತ್ತದೆ ಎಂದು ಕಣ್ಣು ಕಿರಿದು ಮಾಡಿ, ಕುರ್ಚಿಯನ್ನು ಆಚೆ ಈಚೆ ಸರಿಸಿ ನೋಡಿದಳು. ಎಲ್ಲಿ ಸರಿಸಿದರೂ ಅಷ್ಟೇ. ಬಾಗಿದ ಪರದೆಗೆ ನಡು ಒಂದೇ. ಅಂಗಡಿಯವನು ಹಲ್ಲುಕಿರಿದು ಹೇಳಿದ, ಇದು ಒಬ್ಬರಿಗೆ ಮಾಡಿದ್ದು ಮೇಡಂ. ಮಹಾನಂದಾಳೂ ನಕ್ಕಳು. ಟೇಪು ಸರ್ರನೆ ತನ್ನ ಡಬ್ಬಿಯೊಳಕ್ಕೆ ಹೋಯಿತು.

ಸಂಜೆ ಮಾನಿಟರು ವಾಪಸ್ಸಾಯಿತು. ಶಿವರಾಜ್ ಕೋಣೆಯ ಬಾಗಿಲವರೆಗೆ ಬಂದು, ನೋಡಿದ್ದಾಯಿತಲ್ಲ, ಬೇಕಾದವರು ಕೇಳಲಿ ಎಂದು ಎಲ್ಲರನ್ನೂ ಒಟ್ಟಿಗೆ ಉದ್ದೇಶಿಸಿದಂತೆ ಹೇಳಿ ಹೋದರು. ಅವರ ಕಣ್ಣು ಆಶಾರಾಣಿಯ ಮೇಲಿತ್ತು.

ಆಶಾರಾಣಿ ಕೇಳಲಿಲ್ಲ. ಅದು ನಿಜಕ್ಕೂ ದೊಡ್ಡ ಕೆಲಸ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಅವಳ ಒಳ್ಳೆಯತನ ಯಾರಿಗೂ ತಿಳಿಯದೆ ಪರಲೋಕದ ಖಾತೆಗೆ ಜಮೆಯಾಗಿರುತ್ತಿತ್ತು. ಆದರೆ ಯಾರಿಗೂ ತಿಳಿಯದ ಒಳ್ಳೆಯತನವನ್ನು ಹೊತ್ತುಕೊಂಡು ಓಡಾಡುವುದು ಕಷ್ಟ. ಅದು ತಲೆಯ ಮೇಲಿನ ತುಂಬಿದ ಕೊಡದಂತೆ, ಯಾರಾದರೂ ಕೈಕೊಟ್ಟು ಇಳಿಸಬೇಕು.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಮಹಾನಂದಾ ಜೋಳದ ರೊಟ್ಟಿಗೆ ಗುರೆಳ್ಳು ಪುಡಿ ಹಚ್ಚುತ್ತಿದ್ದಾಗ, ಆಶಾರಾಣಿ ಎಲ್ಲವನ್ನೂ ಹೇಳಿದಳು. ಲಿಖಿತ್ ಅಂದದ್ದು, ಒಂದೇ ಕುರ್ಚಿ, ಎಲ್ಲಾದ್ರೂ, ಕೃಷ್ಣಮ್ಮ.

"ನಾನು ಕೇಳಲ್ಲ ಅಂತ ತೀರ್ಮಾನ ಮಾಡ್ಬಿಟ್ಟಿದೀನಿ ಕಣೆ. ಕತ್ತು ಹೋದ್ರೆ ಹೋಗ್ಲಿ. ನಿನಗೋಸ್ಕರ."

ಮಹಾನಂದಾಳ ಕೈ ರೊಟ್ಟಿಯ ಮೇಲೇ ನಿಂತಿತು. ಆಮೇಲೆ ಅಂದಳು, "ಇದನ್ನ ನನಗ ಹೇಳೂದು ಬ್ಯಾಡಾಗಿತ್ರಿ ಅಕ್ಕಾ."

ಆಶಾರಾಣಿ ಅದನ್ನು ಸಂಕೋಚವೆಂದು ತಿಳಿದಳು. ಎಷ್ಟು ಒಳ್ಳೆಯ ಹುಡುಗಿ ಎಂದುಕೊಂಡಳು. ಡಬ್ಬಿ ಮುಚ್ಚುವಾಗ, ಹೇಳಿದ್ದು ಒಳ್ಳೆಯದಾಯಿತು, ಎದೆ ಹಗುರವಾಯಿತು ಎಂದೂ ಅನಿಸಿತು. ಆ ಭಾರ ಎಲ್ಲಿಗೆ ಹೋಯಿತು ಎಂದು ವಿಚಾರಿಸಲಿಲ್ಲ.

ಅಲ್ಲಿಂದ ಮುಂದೆ ಅವಳ ಕುತ್ತಿಗೆ ಹೆಚ್ಚು ಮಾತಾಡತೊಡಗಿತು. ಮೊದಲು ನೋವಾದಾಗ ಹಲ್ಲು ಕಚ್ಚುತ್ತಿದ್ದವಳು ಈಗ "ಅಮ್ಮಾ" ಎಂದು ಸಣ್ಣಗೆ ನರಳುತ್ತಿದ್ದಳು. ಪಕ್ಕದ ಕುರ್ಚಿಗೆ ಕೇಳಿಸುವಷ್ಟು, ಬಾಗಿಲಾಚೆಗೆ ಕೇಳಿಸದಷ್ಟು. ನರಳಿದಾಗಲೆಲ್ಲ ಮಹಾನಂದಾ ಎದ್ದು ಮುಲಾಮು ಹಚ್ಚುತ್ತಿದ್ದಳು. ಚಹಾ ತರುವುದು ಮೊದಲು ಸರದಿಯಲ್ಲಿತ್ತು, ಈಗ ಸರದಿ ತಪ್ಪಿ ಮಹಾನಂದಾಳದೇ ಆಯಿತು. ಫ್ಯಾನಿನ ಗಾಳಿ ಕುತ್ತಿಗೆಗೆ ಆಗುವುದಿಲ್ಲವೆಂದು ಫ್ಯಾನು ಬಂದಾಯಿತು. ಮಹಾನಂದಾಳಿಗೆ ಸೆಖೆ ಆಗುವುದಿಲ್ಲವೇ ಎಂಬ ಪ್ರಶ್ನೆ ಯಾರ ನಾಲಿಗೆಗೂ ಬರಲಿಲ್ಲ. ಬೆಳ್ಳುಳ್ಳಿ ಚಟ್ನಿಯ ವಾಸನೆಗೆ ತಲೆನೋವು ಬರುತ್ತದೆ ಎಂದ ಮರುದಿನ ಚಟ್ನಿ ಬರಲಿಲ್ಲ. ಮಹಾನಂದಾ ಮಗಳ ಶಾಲೆಯ ಸಭೆಗೆ ಬೇಗ ಹೊರಡಬೇಕೆಂದಾಗ ಆಶಾರಾಣಿ ಬೇಡ ಅನ್ನಲಿಲ್ಲ. ಹೋಗು, ಹೇಗಿದ್ದರೂ ನಾನೇ ಕತ್ತು ತಿರುಗಿಸಿಕೊಂಡು ಮುಗಿಸುತ್ತೇನೆ ಎಂದಳು. ಮಹಾನಂದಾ ಹೋಗಲಿಲ್ಲ.

"ನಿನಗೋಸ್ಕರ" ಎಂಬ ಮಾತು ದಿನಕ್ಕೆ ಒಮ್ಮೆಯಾದರೂ ಯಾವುದಾದರೊಂದು ವೇಷದಲ್ಲಿ ಬಂದು ಹೋಗುತ್ತಿತ್ತು. ಮಂಗಳಾರತಿ ತಟ್ಟೆಯ ಹಾಗೆ ಅದು ಎದುರಿಗೆ ಬಂದಾಗ ಏನಾದರೂ ಹಾಕಲೇಬೇಕು.

ನೋವು ಹೆಚ್ಚಿದ ದಿನಗಳಲ್ಲಿ ಆಶಾರಾಣಿ ಮೌಸನ್ನು ಮಹಾನಂದಾಳ ಕಡೆ ತಳ್ಳಿ, ಸ್ವಲ್ಪ ನೀನೇ ಮಾಡು, ನಾನು ಕೂಗುತ್ತೇನೆ ಎಂದು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಹಿಂದಕ್ಕೆ ಒರಗುತ್ತಿದ್ದಳು. ಮೊದಮೊದಲು ಮಹಾನಂದಾ ಹೆದರಿ ಹೆದರಿ ಮಾಡುತ್ತಿದ್ದಳು. ತಪ್ಪಿದಾಗ ಆಶಾರಾಣಿ ತಾಳ್ಮೆಯಿಂದ ತಿದ್ದುತ್ತಿದ್ದಳು. ಕಲಿಸುವುದರಲ್ಲಿ ಅವಳು ನಿಜಕ್ಕೂ ಧಾರಾಳಿ, ಆ ಮಟ್ಟಿಗೆ ಅನ್ಯಾಯ ಹೇಳಬಾರದು. ಒಂದು ಗಂಟೆ ಅರ್ಧ ದಿನವಾಯಿತು, ಅರ್ಧ ದಿನ ದಿನವಾಯಿತು. ಭಾದ್ರಪದ ಕಳೆಯುವ ಹೊತ್ತಿಗೆ ಗಾಜಿನ ಕೋಣೆಯಲ್ಲಿ ಕೂಗುತ್ತಿದ್ದವಳು ಆಶಾರಾಣಿ, "ಬಂತ್ರಿ" ಅನ್ನುತ್ತಿದ್ದವಳು ಮಹಾನಂದಾ. ಋಣ ತೀರುತ್ತಿದೆ ಎಂದು ಒಬ್ಬಳಿಗೂ, ಆಗಬೇಕಾದ ಸೇವೆ ಆಗುತ್ತಿದೆ ಎಂದು ಇನ್ನೊಬ್ಬಳಿಗೂ ಅನಿಸುತ್ತಿತ್ತು. ಗಾಜಿನ ಆಚೆಯಿಂದ ನೋಡುವವರಿಗೆ ಕಾಣುತ್ತಿದ್ದದ್ದು ಬೇರೆ: ಒಬ್ಬಳು ಕೆಲಸ ಮಾಡುತ್ತಿದ್ದಾಳೆ, ಒಬ್ಬಳು ಒರಗಿಕೊಂಡು ಹೇಳುತ್ತಿದ್ದಾಳೆ. ಲಿಖಿತ್ ಎರಡು ಮೂರು ಬಾರಿ ಹಾಗೆ ನಿಂತು ನೋಡಿ ಹೋದ.

ಮಹಾಲಯ ಕಳೆದ ವಾರ ಆಶಾರಾಣಿ ಕುತ್ತಿಗೆಯ ವ್ಯಾಯಾಮ ಹೇಳಿಕೊಡುವವರ ಹತ್ತಿರ ಹೋಗಿ ಮಧ್ಯಾಹ್ನಕ್ಕೆ ಕೆಲಸಕ್ಕೆ ಬಂದಳು. ಕೆಳಗೆ ನಂಜಪ್ಪ ಗ್ರೈಂಡರಿನಿಂದ ತಲೆಯೆತ್ತಲಿಲ್ಲ. ಎಂದೂ ಎತ್ತದೆ ಇರುವವನಲ್ಲ. ಮೆಟ್ಟಿಲ ಬುಡದಲ್ಲೇ ಶಿವರಾಜ್ ಕರೆಸಿದರು. ಅವರ ಮೇಜಿನ ಮೇಲೆ ಏನೂ ಇರಲಿಲ್ಲ, ಒಂದು ಲೋಟ ಮಜ್ಜಿಗೆಯ ಹೊರತು. ಬಾ, ಕೂತುಕೋ, ಕತ್ತು ಹೇಗಿದೆ ಎಂದು ಬಹಳ ಅಕ್ಕರೆಯಿಂದ ವಿಚಾರಿಸಿದರು. ಆಮೇಲೆ ವಿಷಯಕ್ಕೆ ಬಂದರು. ಅಗಲದ ಮಾನಿಟರನ್ನು ತರಿಸುವುದಾಗಿದೆ, ಹಬ್ಬಕ್ಕೆ ಮೊದಲೇ ಬರುತ್ತದೆ. ಬೆಳಿಗ್ಗೆ ಮಹಾನಂದಾ ಬಂದು ಕೇಳಿದಳು.

ಮಹಾನಂದಾ ಏನೆಂದು ಕೇಳಿದಳು ಎಂದು ಆಶಾರಾಣಿ ವಿಚಾರಿಸಿದಳು. ನನಗೆ ಆ ಅಗಲದ್ದು ಬೇಕು ಸರ್, ಒಬ್ಬಳೇ ಮಾಡುತ್ತೇನೆ ಎಂದಳಂತೆ. ಒಂದು ಸಣ್ಣ ಅಚ್ಚಿನ ಮಾಡೆಲನ್ನು ಲಿಖಿತನ ಎದುರಿಗೇ ಒಬ್ಬಳೇ ಮಾಡಿಯೂ ತೋರಿಸಿದಳಂತೆ. ದೊಡ್ಡ ಕೆಲಸಗಳನ್ನು ಹೇಗೂ ಇನ್ನು ಹೊರಗೆ ಮಾಡಿಸುವ ಯೋಚನೆ ಲಿಖಿತನದು.

"ಸಾರ್, ಅವಳಿಗೆ ಕಲಿಸಿದ್ದೇ ನಾನು."

"ಅದನ್ನೂ ಅವಳೇ ಹೇಳಿದ್ಲಮ್ಮ. ಆಶಾ ಅಕ್ಕನೇ ಕಲಿಸಿದ್ದು ಅಂತ. ನಿನ್ ಹೆಸ್ರು ಬಿಡ್ಲಿಲ್ಲ."

"ಅದು ನನಗೆ ಅಂತ ತೋರ್ಸಿದ್ದಲ್ವಾ ಸಾರ್?"

ಶಿವರಾಜ್ ಮಜ್ಜಿಗೆ ಕುಡಿದು ಮುಗಿಸಿದರು. ಅವರ ಮುಖದಲ್ಲಿ ನಿಜವಾದ ಬೇಸರವಿತ್ತು. ಕಟ್ಟಳೆಯ ಹಿಂದೆ ನಿಂತವರಿಗೆ ಬೇಸರಪಡಲು ಬಹಳ ಅನುಕೂಲ.

"ಶ್ರಾವಣದಿಂದ ಕಾದೆ ಆಶಾ. ನೀನು ಕೇಳ್ಲಿಲ್ಲ. ಕೇಳ್ದೇ ಇರೋರಿಗೆ ಹೆಂಗಮ್ಮ ಕೊಡ್ಲಿ?"

ನಿನಗೆ ಕೆಳಗೆ ಎಲ್ಲಾದರೂ ನೋಡೋಣ ಎಂದರು. ನಿಂತು ಮಾಡುವ ಕೆಲಸ ಕುತ್ತಿಗೆಗೆ ಒಳ್ಳೆಯದು ಎಂದು ಡಾಕ್ಟರುಗಳೂ ಹೇಳುತ್ತಾರಂತೆ.

ಗಾಜಿನ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಮಹಾನಂದಾ ತನ್ನ ಹಳೆಯ ಕುರ್ಚಿಯಲ್ಲೇ, ಬಲಗಡೆಯ ಮಾನಿಟರಿನ ಮುಂದೆ ಕೂತಿದ್ದಳು. ಇನ್ನೊಂದು ಕುರ್ಚಿಯನ್ನು ಮುಟ್ಟಿರಲಿಲ್ಲ. ಆಶಾರಾಣಿ ಒಳಗೆ ಬಂದಾಗ ಎದ್ದು ನಿಂತಳು.

ಆಶಾರಾಣಿ ಮೆಟ್ಟಿಲು ಹತ್ತುವಾಗ ಬಹಳ ಮಾತು ಕೂಡಿಸಿಕೊಂಡು ಬಂದಿದ್ದಳು. ಬಾಯಿಗೆ ಬಂದದ್ದು ಹಳೆಯದೇ. "ನಿನಗೋಸ್ಕರ ನಾನು ಕತ್ತು..."

"ಹೌದ್ರಿ ಅಕ್ಕಾ. ದಿನಾ ಹೇಳ್ತಿದ್ರಿ."

"ಕೇಳಿದ್ರೆ ಅವತ್ತೇ ನನಗೆ ಸಿಕ್ಕಿರೋದು. ಒಂದು ಮಾತು."

"ಕೇಳಬೇಕಿತ್ರಿ," ಎಂದಳು ಮಹಾನಂದಾ. ಧ್ವನಿ ಎತ್ತಲಿಲ್ಲ. "ಕೇಳಿದ್ರ ನಾ ಅತ್ತುಕೋತ ಕೆಳಗ ಹೋಗ್ತಿದ್ದೆ, ನಿಮಗ ನಾಕು ಮಾತು ಬೈದು ಮರತು ಬಿಡ್ತಿದ್ದೆ. ನೀವು ಕೊಟ್ರಿ. ಕೊಟ್ಟು ದಿನಾ ಒಂದೀಟೀಟು ವಾಪಸ್ ಇಸಕೊಂಡ್ರಿ. ಚಟ್ನಿ ಇಸಕೊಂಡ್ರಿ, ಗಾಳಿ ಇಸಕೊಂಡ್ರಿ, ನನ್ನ ಮಗಳ ಸಾಲಿ ಇಸಕೊಂಡ್ರಿ. ಈಗ ನಿಮ್ಮದು ನನ್ನ ಕಡೆ ಏನೂ ಉಳದಿಲ್ರಿ ಅಕ್ಕಾ."

ಆಶಾರಾಣಿ ಅವಳನ್ನು ನೋಡಬೇಕೆಂದು ಬಲಕ್ಕೆ ಕತ್ತು ಹೊರಳಿಸಿದಳು. ನೋವು ಬಂತು. ಅಭ್ಯಾಸ ಬಲದಿಂದ "ಅಮ್ಮಾ" ಎಂಬುದು ಬಾಯಿಯವರೆಗೂ ಬಂದಿತು. ಅಲ್ಲಿ ಅದನ್ನು ತಡೆದುಕೊಂಡಳು. ಮಹಾನಂದಾಳ ಕೈ ಮಾತ್ರ ಮುಲಾಮಿನ ಡಬ್ಬಿಯ ಕಡೆಗೆ ತಾನಾಗಿಯೇ ಹೋಗಿ, ಅರ್ಧದಲ್ಲಿ ನಿಂತು, ಹಿಂದೆ ಬಂದಿತು. ಇಬ್ಬರೂ ಅದನ್ನು ನೋಡಿದರು.

ಊಟದ ಡಬ್ಬಿ, ಕುತ್ತಿಗೆ ಪಟ್ಟಿ, ಸ್ಟೀಲಿನ ನೀರಿನ ಬಾಟಲಿ, ಎಂದೋ ಅಂಟಿಸಿದ ದೇವರ ಚಿತ್ರ. ಆಶಾರಾಣಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡಳು. ಚಿತ್ರವನ್ನು ಮೇಜಿನಿಂದ ಕೀಳುವಾಗ ಅಂಟಿನ ಜೊತೆ ಸನ್ಮೈಕಾದ ಒಂದು ಚೂರೂ ಎದ್ದುಬಂತು. ಮೆಟ್ಟಿಲಿಳಿಯುವಾಗ ನಂಜಪ್ಪ ಎದುರಾದ. ಅವನ ಮುಖದಲ್ಲಿ ಮೂಲೆ ಜಾಗದ ಕಥೆ ಮತ್ತೆ ಬರುವ ಲಕ್ಷಣ ಕಂಡು ಅವಳು ನಿಲ್ಲಲಿಲ್ಲ. ಹಿಂದಿನಿಂದ ಅವನು ಯಾರಿಗೂ ಅಲ್ಲ ಎಂಬಂತೆ, "ನಾನು ಏಳಿದ್ದೆ ಅಲ್ವಾ" ಎಂದ. ಹೇಳಿದ್ದು ನಿಜವಾದವರ ಸುಖವೇ ಬೇರೆ.

ಮಾನಿಟರು ಹಬ್ಬಕ್ಕೆ ಮೊದಲೇ ಬಂತು. ಆಯುಧಪೂಜೆಯ ದಿನ ಮಾವಿನ ಸೊಪ್ಪು, ಚೆಂಡುಹೂವು, ಕಡ್ಲೆಪುರಿ, ಎಲ್ಲ ಯಥಾಪ್ರಕಾರ. ನಂಜಪ್ಪ ತನ್ನ ಗ್ರೈಂಡರಿಗೆ ಕುಂಕುಮ ಇಟ್ಟ. ಮಹಾನಂದಾ ಹೊಸ ಇಳಕಲ್ ಸೀರೆಯುಟ್ಟು ಬಂದು, ಪರದೆಗೆ ತಾಗದ ಹಾಗೆ ಕೆಳಗಿನ ಕಾಲಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಕೊಯ್ದಳು. ಲಿಖಿತ್ ಫೋಟೊ ತೆಗೆದ. ಮಹಡಿಯಿಂದ ಈಗ ಕೂಗು ಕೇಳುವುದಿಲ್ಲ. ಎಲ್ಲರೂ ಅದನ್ನು ಮಹಾನಂದಾಳ ಮಾನಿಟರ್ ಎನ್ನುತ್ತಾರೆ.

ಆಶಾರಾಣಿ ಡಿಸ್ಪ್ಯಾಚಿನಲ್ಲಿದ್ದಾಳೆ. ಕುತ್ತಿಗೆ ನೋವು ಪೂರ್ತಿ ಹೋಗಿದೆ.